ಮುಖ ಕಾಣುತ್ತಿಲ್ಲ

ಹನ್ನೊಂದು ತಿಂಗಳ ಮೌನದ ನಂತರ ಕರಡು ಮೇಷ್ಟ್ರು ಆಡಿದ ಮೊದಲ ಮಾತು ಕಿಟಕಿಯ ಪರದೆಯ ಬಗ್ಗೆ.

"ಪರದೆ ತಿರುಗುಮುರುಗಾಗಿದೆ."

ಆಡಿದ್ದು ಬಾಯಿಂದಲ್ಲ. ಎರಡು ಸಲ ಲಕ್ವ ಹೊಡೆದು ಬಾಯಿ, ಕೈ, ಕಾಲು ಎಲ್ಲ ಹೋಗಿದ್ದವು. ಉಳಿದದ್ದು ಕಣ್ಣು, ಮತ್ತು ಸ್ವಲ್ಪವೂ ಮಸುಕಾಗದ ಬುದ್ಧಿ. ಮಂಚದ ಕಂಬಿಗೆ ಕಚ್ಚಿಸಿದ ಬಗ್ಗುವ ಸ್ಟ್ಯಾಂಡಿನ ತುದಿಯಲ್ಲಿ ಒಂದು ಮೊಬೈಲು ಅವರ ಮುಖಕ್ಕೆ ನೇರವಾಗಿ ನಿಂತಿತ್ತು. ಅದರ ನೆತ್ತಿಯಲ್ಲಿದ್ದ ಕಾಳಿನಷ್ಟು ಗಾತ್ರದ ಕ್ಯಾಮೆರಾ ಅವರ ಕಣ್ಣುಗುಡ್ಡೆ ಎತ್ತ ಹೊರಳುತ್ತದೆಂದು ನೋಡುತ್ತಿತ್ತು. ತೆರೆಯ ಮೇಲೆ ದೊಡ್ಡ ದೊಡ್ಡ ಅಕ್ಷರಗಳು. ಯಾವ ಅಕ್ಷರದ ಮೇಲೆ ದೃಷ್ಟಿ ನಿಲ್ಲುತ್ತದೋ ಅದು ಹಳದಿಯಾಗುತ್ತಿತ್ತು. ಆಗ ಎರಡೂ ಕಣ್ಣನ್ನು ಒಂದು ಕ್ಷಣ ಬಿಗಿಯಾಗಿ ಮುಚ್ಚಿದರೆ ಆ ಅಕ್ಷರ ಮೇಲಿನ ಸಾಲಿಗೆ ಹೋಗಿ ಕೂರುತ್ತಿತ್ತು. ಸಾಲು ಮುಗಿಸಿ ತುಟಿಯ ಚಿತ್ರದ ಕಡೆ ನೋಡಿದರೆ ಸಾಕು, ಮೊಬೈಲಿನೊಳಗಿನ ಹೆಂಗಸೊಬ್ಬಳು ಅದನ್ನು ಓದಿ ಹೇಳುತ್ತಿದ್ದಳು. ರೈಲು ಎರಡು ಗಂಟೆ ತಡವಾಗಿದೆ ಎಂಬುದನ್ನೂ ಖುಷಿಯ ಸುದ್ದಿಯಂತೆ ಸಾರುವ ದನಿ ಅವಳದು.

ಆ ಎರಡು ಪದಕ್ಕೆ ಒಂಬತ್ತು ನಿಮಿಷ ಹಿಡಿದಿತ್ತು. ಮಗಳು ಚಪ್ಪಾಳೆ ತಟ್ಟಿ ಅತ್ತೇಬಿಟ್ಟಳು. "ಅಪ್ಪ ಮಾತಾಡಿದ್ರು! ಅಮ್ಮಾ, ಕೇಳಿಸ್ತಾ? ಅಪ್ಪ ಮಾತಾಡಿದ್ರು!"

ಯಂತ್ರ ತಂದು ಜೋಡಿಸಿದ್ದ ಥೆರಪಿಸ್ಟ್ ನಕ್ಕಳು. "ಮನೇಲಿ ಯಾರಿಗೂ ಕಾಣಿಸದ್ದು ಇವರಿಗೆ ಮಲಗಿದ್ದಲ್ಲೇ ಕಾಣಿಸ್ತು ನೋಡಿ. ತುಂಬ ಚುರುಕು!"

ಹೆಂಡತಿ ಪರದೆಯತ್ತ ನೋಡಿದಳು. ಹೌದು, ಹೊಲಿಗೆಯ ಬದಿ ಹೊರಗಾಗಿತ್ತು. ಈ ದಿನಕ್ಕೆಂದೇ ಬೆಳಿಗ್ಗೆ ಎದ್ದು ಒಗೆದು, ಒಣಗುವ ಮುಂಚೆಯೇ ಅವಸರದಲ್ಲಿ ತೂಗು ಹಾಕಿದ್ದಳು. ಸ್ಟೂಲು ಎಳೆದುಕೊಂಡು ಹತ್ತಿ, ಪರದೆ ಬಿಚ್ಚಿ, ತಿರುಗಿಸಿ ಹಾಕಿದಳು.

ಮೇಷ್ಟ್ರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಇಪ್ಪತ್ತೆಂಟು ವರ್ಷ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದಿದವರು. ಅಚ್ಚಿಗೆ ಹೋಗುವ ಪ್ರತಿ ಪುಟವನ್ನೂ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಓದಿ, ಬಿಟ್ಟುಹೋದ ಒತ್ತು, ಜಾರಿಹೋದ ದೀರ್ಘ, ಬೇಡದ ಅಲ್ಪವಿರಾಮ ಎಲ್ಲವನ್ನೂ ಕೆಂಪು ಶಾಯಿಯಲ್ಲಿ ಹಿಡಿದು ಹಾಕುವುದು ಅವರ ಕೆಲಸ. ಅದರಲ್ಲಿ ಅವರನ್ನು ಮೀರಿಸಿದವರಿಲ್ಲ. ಅಲ್ಲಿನವರು ಅರ್ಧ ಗೌರವಕ್ಕೆ, ಅರ್ಧ ಹೆದರಿಕೆಗೆ ಇಟ್ಟ ಹೆಸರು ಕರಡು ಮೇಷ್ಟ್ರು. ಮನೆಗೆ ಬಂದ ಮೇಲೂ ಅವರು ಪೆನ್ನು ಕೆಳಗಿಟ್ಟವರಲ್ಲ. ಸಾಮಾನಿನ ಚೀಟಿ, ಮಗಳ ಶಾಲೆಗೆ ಬರೆದ ರಜೆಯ ಪತ್ರ, ಹೆಂಡತಿ ತನ್ನ ಅಣ್ಣನಿಗೆ ಬರೆದ ಕಾಗದ, ಎಲ್ಲವೂ ಕೆಂಪಾಗಿ ವಾಪಸು ಬರುತ್ತಿದ್ದವು. ಆಕೆ ಮಾತಾಡುವಾಗಲೂ ಅಷ್ಟೆ. ವಾಕ್ಯ ಮುಗಿಯುವುದರೊಳಗೆ ಅವರು ಕೈ ಎತ್ತಿ ತಡೆದು, ತಪ್ಪಿದ ಪದವನ್ನು ಸರಿಯಾಗಿ ಹೇಳಿ, "ಹೂಂ, ಈಗ ಮುಂದುವರಿಸು" ಅನ್ನುತ್ತಿದ್ದರು. ಅಷ್ಟರಲ್ಲಿ ಆಕೆಗೆ ಹೇಳಬೇಕಾದದ್ದೇ ಮರೆತಿರುತ್ತಿತ್ತು. ಮೂವತ್ತೊಂದು ವರ್ಷದಲ್ಲಿ ಒಂದು ದಿನವೂ ಹೊಡೆದವರಲ್ಲ. ಕುಡಿದವರಲ್ಲ. ದೂರು ಹೇಳಿಕೊಳ್ಳಲು ಆಕೆಗೆ ಏನೂ ಸಿಗುತ್ತಿರಲಿಲ್ಲ.

ಆಕೆ ಮೂರು ಓಣಿ ದಾಟಿದರೆ ಸಿಗುವ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವ ಕೆಲಸ ಮಾಡುತ್ತಿದ್ದಳು. ಕೂದಲೆಳೆಯಷ್ಟು ವ್ಯತ್ಯಾಸ ಬಾರದಂತೆ ಗಾಜು ಕೂರಿಸುವ ಕೈ. ಒಮ್ಮೆ ಅಂಗಡಿಯ ಯಜಮಾನ ಹೊರಗಿನ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ 'ದೃಷ್ಟಿ ಪರೀಕ್ಷೆ ಉಚಿತ' ಎಂದು ಬರೆಯಲು ಹೇಳಿದ್ದ. ಆಕೆ 'ದ್ರುಷ್ಟಿ' ಎಂದು ಬರೆದಳು. ಮೇಷ್ಟ್ರು ಸಂಜೆ ಆ ದಾರಿಯಲ್ಲಿ ಬಂದವರು ನಿಂತರು, ಹೆಬ್ಬೆರಳಿನಿಂದ ಒರೆಸಿದರು, ಸರದಿಯಲ್ಲಿದ್ದ ಏಳೆಂಟು ಜನ ಗಿರಾಕಿಗಳ ಕಡೆ ತಿರುಗಿದರು. "ದೃಷ್ಟಿಯನ್ನೇ ತಪ್ಪು ಬರೆಯೋರ ಹತ್ರ ದೃಷ್ಟಿ ತೋರಿಸೋಕೆ ನಿಂತಿದ್ದೀರಲ್ಲ!" ಎಲ್ಲರೂ ನಕ್ಕರು. ಯಜಮಾನನೂ ನಕ್ಕ. ಅಂದಿನಿಂದ ಆಕೆ ನಾಲ್ಕು ಜನರ ಎದುರು ಪೆನ್ನು ಹಿಡಿಯಲಿಲ್ಲ. ಅಂಚೆಯವನ ಪುಸ್ತಕಕ್ಕೆ ರುಜು ಹಾಕುವಾಗಲೂ ಬೆನ್ನು ತಿರುಗಿಸಿಕೊಳ್ಳುತ್ತಿದ್ದಳು.

ಹೀಗಾಗಿ ಆ ಹನ್ನೊಂದು ತಿಂಗಳು ಆಕೆಗೆ ಹೇಗಿತ್ತೆಂದು ಯಾರಿಗೂ ಹೇಳುವಂತಿರಲಿಲ್ಲ. ಮಗ್ಗುಲು ಬದಲಿಸುವುದು, ಗಂಜಿ ಕುಡಿಸುವುದು, ಒರೆಸುವುದು, ಬಟ್ಟೆ ಬದಲಿಸುವುದು, ಯಾವುದರಲ್ಲೂ ಆಕೆ ಕೊರತೆ ಮಾಡಲಿಲ್ಲ. ಸೊಂಟ ಬಿದ್ದುಹೋಗುತ್ತಿತ್ತು. ಆದರೆ ಮನೆಯಲ್ಲಿ ಮಾತಾಡುತ್ತಿದ್ದದ್ದು ಆಕೆಯೊಬ್ಬಳೇ. ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಬರೆದಳು, ಯಾರೂ ತಿದ್ದಲಿಲ್ಲ. ರೇಡಿಯೋ ಹಾಕಿದಳು. ಪಾತ್ರೆ ತೊಳೆಯುವಾಗ ಹಾಡಿಕೊಂಡಳು. ನಡುವೆ ಒಂದು ದಿನ ಈರುಳ್ಳಿ ಹೆಚ್ಚುತ್ತ, 'ನಾನು ಸುಖವಾಗಿದ್ದೀನಿ' ಎಂದು ತನಗೇ ಹೇಳಿಕೊಂಡು, ಗಾಬರಿಯಾಗಿ ಚಾಕು ಕೆಳಗಿಟ್ಟಳು.

ಈಗ ಮೊಬೈಲು ಬಂದಿತ್ತು.

ಮೊದಲ ವಾರ ಮೇಷ್ಟ್ರು ಹೆಚ್ಚಾಗಿ ಒಂದೊಂದೇ ಪದ ಮಾತಾಡಿದರು. "ಉಪ್ಪು." "ತಡ." "ಬಾಗಿಲು." "ಮತ್ತೆ ಬಾಗಿಲು." ಮೊಬೈಲು ತಾನೇ ಮುಂದಿನ ಪದ ಸೂಚಿಸುತ್ತಿತ್ತು, ಅವರು ಅದನ್ನು ಮೂಸಿಯೂ ನೋಡುತ್ತಿರಲಿಲ್ಲ. ಒಂದು ಒತ್ತಕ್ಷರ ತಪ್ಪಾಗಿ ಕೂತರೆ ಇಡೀ ಪದ ಅಳಿಸಿ ಮೊದಲಿನಿಂದ ಕಟ್ಟುತ್ತಿದ್ದರು. ಹಣೆಯಲ್ಲಿ ಬೆವರು ಒಡೆಯುತ್ತಿತ್ತು. ತೆರೆಯ ಮೂಲೆಯಲ್ಲಿ ಕೆಂಪು ಗಂಟೆಯೊಂದಿತ್ತು. ಅದನ್ನು ನೋಡಿ ಕಣ್ಣು ಮುಚ್ಚಿದರೆ ಹೆಂಡತಿಯ ಮೊಬೈಲು, ಆಕೆ ಎಲ್ಲೇ ಇರಲಿ, ಬಡಿದುಕೊಳ್ಳುತ್ತಿತ್ತು. ಆ ಗಂಟೆಯ ಧೈರ್ಯದ ಮೇಲೆ, ಬೆಳಗಿನ ಸ್ನಾನ ಮಾಡಿಸಲು ಒಬ್ಬ ಆಯಾಳನ್ನು ಗೊತ್ತುಮಾಡಿ, ಆಕೆ ಹತ್ತರಿಂದ ಎರಡರವರೆಗೆ ಮತ್ತೆ ಅಂಗಡಿಗೆ ಹೋಗತೊಡಗಿದ್ದಳು. ಮೊದಲ ದಿನವೇ ಹನ್ನೆರಡು ಸಲ ಗಂಟೆ ಬಂತು. ಓಡಿ ಬಂದರೆ, "ಫ್ಯಾನು." ಇನ್ನೊಮ್ಮೆ ಓಡಿ ಬಂದರೆ, "ಗೋಡೆ ಗಡಿಯಾರ ಮೂರು ನಿಮಿಷ ಹಿಂದಿದೆ."

ಥೆರಪಿಸ್ಟ್ ಹೋಗುವಾಗ ಒಂದು ಮಾತು ಹೇಳಿದ್ದಳು. "ಇವರ ಕನ್ನಡಕದ ಮೇಲೆ ದೀಪ ಹೊಳೆದ್ರೆ ಕ್ಯಾಮೆರಾಕ್ಕೆ ಕಣ್ಣು ಸಿಗಲ್ಲ. ಹೊಳಪು ಹೊಡೆಯದ ಗಾಜು ಹಾಕಿಸಿಬಿಡಿ. ನಿಮ್ಮ ಅಂಗಡಿಯಲ್ಲೇ ಇರತ್ತಲ್ಲ?"

"ಆಯ್ತು," ಎಂದಿದ್ದಳು ಹೆಂಡತಿ. ಅಂಥ ಗಾಜು ಅಂಗಡಿಯ ಡ್ರಾಯರಿನಲ್ಲೇ ಇತ್ತು. ಒಂದು ಮಧ್ಯಾಹ್ನದ ಕೆಲಸ. ಆಕೆ ಅದನ್ನು ಮಾಡಲಿಲ್ಲ. ಸಂಜೆ ಟ್ಯೂಬ್‌ಲೈಟ್ ಹಾಕಿದರೆ ಮೇಷ್ಟ್ರ ಕನ್ನಡಕದಲ್ಲಿ ಎರಡು ಬಿಳಿ ಪಟ್ಟಿ ಮೂಡುತ್ತಿದ್ದವು, ಮೊಬೈಲು ಕಣ್ಣು ಹುಡುಕಿ ಸೋತು ಸುಮ್ಮನಾಗುತ್ತಿತ್ತು. ಸಂಜೆಗಳು ಆಕೆಯವಾಗಿಯೇ ಉಳಿದವು.

ಎರಡನೇ ತಿಂಗಳು ಅವರು ಮಗಳಿಗೆ ಸಂದೇಶ ಕಳಿಸುವುದನ್ನು ಕಲಿತರು. ಮಗಳು ಊರಿನ ಇನ್ನೊಂದು ತುದಿಯಲ್ಲಿ, ಮೂರನೇ ಮಹಡಿಯ ಮನೆಯಲ್ಲಿ ಒಬ್ಬಳೇ ಇದ್ದು, ಕಟ್ಟಡಗಳ ನಕ್ಷೆ ಬರೆಯುವ ಕೆಲಸ ಮಾಡುತ್ತಿದ್ದಳು. ಒಂದು ಬೆಳಿಗ್ಗೆ ಫೋನು ಮಾಡದೆ ಬಂದು ಬಾಗಿಲಲ್ಲೇ ನಿಂತಳು.

"ಅಮ್ಮಾ, ಅಪ್ಪನಿಗೆ ಒರಟಾಗಿ ಮೈ ಉಜ್ಜುತ್ತೀಯಂತೆ?"

"ಯಾರು ಹೇಳಿದ್ದು?"

ಮಗಳು ಮೊಬೈಲು ತೋರಿಸಿದಳು. 'ನಿಮ್ಮಮ್ಮನಿಗೆ ನನ್ನ ಮೇಲೆ ಸಿಟ್ಟಿದೆ. ಬಟ್ಟೆ ಹಿಂಡಿದ ಹಾಗೆ ಹಿಂಡುತ್ತಾಳೆ.' ಒಂದು ತಪ್ಪಿಲ್ಲ. ಪೂರ್ಣವಿರಾಮ ಕೂಡ ಇದ್ದಲ್ಲೇ ಇತ್ತು.

"ಸ್ನಾನ ಮಾಡಿಸೋದು ಆಯಾ," ಎಂದಳು ತಾಯಿ.

"ಹಾಗಾದ್ರೆ ಅಪ್ಪ ಸುಳ್ಳು ಹೇಳ್ತಾರಾ? ಇಷ್ಟು ಬರೆಯೋಕೆ ಅವರಿಗೆ ಅರ್ಧ ಗಂಟೆ ಬೇಕಮ್ಮಾ. ಅರ್ಧ ಗಂಟೆ ಕಣ್ಣು ಕಿತ್ತು ಬರೋ ಹಾಗೆ ದುಡಿದು ಯಾರಾದ್ರೂ ಸುಳ್ಳು ಬರೀತಾರಾ?"

ಸಂಜೆ ಬೆನ್ನು ಒರೆಸುವಾಗ ತನ್ನ ಕೈ ಬಿಗಿಯಾಗುವುದು ನಿಜವೇ ಇರಬಹುದೇ ಎಂಬ ಅನುಮಾನ ತಾಯಿಗೆ ಬಂತು. ಒಳಗೆ ಹೋಗಿ ಚಹಾಕ್ಕೆ ಇಟ್ಟಳು. ಕೋಣೆಯಿಂದ ಮೊಬೈಲಿನ ಆ ರೈಲು ನಿಲ್ದಾಣದ ದನಿಯ ಹೆಂಗಸು ಮಗಳಿಗೆ ಏನೋ ಹೇಳುತ್ತಿರುವುದು, ಮಗಳು ಮೂಗು ಒರೆಸಿಕೊಳ್ಳುವುದು ಕೇಳಿಸುತ್ತಿತ್ತು.

ಮುಂದಿನ ಭಾನುವಾರ ಬೆಳಿಗ್ಗೆ ಆಕೆ ಅಕ್ಕಿ ತೊಳೆಯುತ್ತಿದ್ದಳು. ರೇಡಿಯೋದಲ್ಲಿ ಆಕೆಗೆ ಗೊತ್ತಿದ್ದ ಹಾಡುಗಳೇ ಬರುತ್ತಿದ್ದವು. ದನಿ ಸೇರಿಸಿದಳು. ಎರಡು ಹಾಡು ಮುಗಿದು ಮೂರನೆಯದು ಅರ್ಧಕ್ಕೆ ಬಂದಿತ್ತು. ಕೋಣೆಯಿಂದ ಮೊಬೈಲು ಹೇಳಿತು:

"ಹಾಡಬೇಡ. ಶ್ರುತಿ ಇಲ್ಲ."

ಮೊದಲ ಹಾಡು ಶುರುವಾದಾಗಲೇ ಅವರು ಅಕ್ಷರ ಕಟ್ಟತೊಡಗಿರಬೇಕು. ಆಕೆ ಖುಷಿಯಾಗಿ ಹಾಡಿಕೊಳ್ಳುತ್ತಿದ್ದಷ್ಟು ಹೊತ್ತೂ ಒಳಗೆ ಒಂದೊಂದೇ ಅಕ್ಷರ ಹಳದಿಯಾಗುತ್ತ, ಸಾಲಿಗೆ ಹೋಗಿ ಕೂರುತ್ತ ಇತ್ತು. ಅದನ್ನು ನೆನೆದು ಆಕೆಯ ಮೈಯೆಲ್ಲ ಉರಿದುಹೋಯಿತು. ಒದ್ದೆ ಕೈಯಲ್ಲೇ ಕೋಣೆಗೆ ಬಂದಳು. ಮೇಷ್ಟ್ರು ಆಕೆಯ ಕಡೆ ನೋಡಲಿಲ್ಲ. ಮುಂದಿನ ಅಕ್ಷರ ಹುಡುಕುತ್ತಿದ್ದರು. ಆಕೆ ಸ್ಟ್ಯಾಂಡಿನ ಕುತ್ತಿಗೆ ಹಿಡಿದು ಗೋಡೆಯ ಕಡೆ ತಿರುಗಿಸಿಬಿಟ್ಟಳು.

"ಮುಖ ಕಾಣುತ್ತಿಲ್ಲ," ಎಂದಿತು ಮೊಬೈಲು ಗೋಡೆಗೆ. "ದಯವಿಟ್ಟು ಕ್ಯಾಮೆರಾ ಕಡೆ ನೋಡಿ. ಮುಖ ಕಾಣುತ್ತಿಲ್ಲ."

ಆಕೆ ದನಿ ತಗ್ಗಿಸುವ ಗುಂಡಿಯನ್ನು ಹುಡುಕಿ, ಪೂರ್ತಿ ನಿಲ್ಲುವವರೆಗೆ ಒತ್ತಿ ಹಿಡಿದಳು.

ಒಂದು ಗಂಟೆ ಬಿಟ್ಟು ನೇರ ಮಾಡೋಣ ಅಂದುಕೊಂಡಳು. ಊಟವಾದ ಮೇಲೆ ಅಂದುಕೊಂಡಳು. ಮರುದಿನ ಅಂದುಕೊಂಡಳು. ಆಯಾ ಕೇಳಿದ್ದಕ್ಕೆ, ಕಣ್ಣು ನೋವಂತೆ, ವಿಶ್ರಾಂತಿ ಬೇಕಂತೆ ಎಂದಳು. ಮಗಳು ಫೋನಿನಲ್ಲಿ, "ಅಪ್ಪನ ಮೆಸೇಜೇ ಇಲ್ಲವಲ್ಲ?" ಅಂದಾಗ, "ಚಾರ್ಜರ್ ಕೆಟ್ಟಿದೆ, ಕೊಡಬೇಕು ರಿಪೇರಿಗೆ," ಎಂದಳು. ಇಷ್ಟು ಸಲೀಸಾಗಿ ಸುಳ್ಳು ಹೇಳಬಲ್ಲೆನೆಂದು ಆಕೆಗೇ ಗೊತ್ತಿರಲಿಲ್ಲ. ಗಂಜಿ ಕುಡಿಸುವಾಗ ಮೇಷ್ಟ್ರು ಆಕೆಯ ಮುಖವನ್ನೇ ನೋಡುತ್ತಿದ್ದರು, ಆಮೇಲೆ ಮೊಬೈಲಿನ ಬೆನ್ನನ್ನು, ಮತ್ತೆ ಆಕೆಯ ಮುಖವನ್ನು. ಆಕೆ ಚಮಚದ ತುದಿಯನ್ನು ನೋಡುತ್ತಿದ್ದಳು.

ಅಂಗಡಿಯಲ್ಲಿ ಗಂಟೆ ಬರುತ್ತಿರಲಿಲ್ಲ. ಶುಕ್ರವಾರ ನಾಲ್ಕು ಗಂಟೆಯಲ್ಲಿ ಒಂಬತ್ತು ಜೊತೆ ಗಾಜು ಕೂರಿಸಿದಳು. ಯಜಮಾನ, "ಏನಮ್ಮಾ, ಇವತ್ತು ಕೈಗೆ ಚಕ್ರ ಕಟ್ಟಿಕೊಂಡಿದ್ದೀರಾ?" ಎಂದು ತಮಾಷೆ ಮಾಡಿದ. ದಾರಿಯಲ್ಲಿ ಟೊಮೆಟೊ ಕೊಂಡು ಮನೆಗೆ ಬಂದಳು.

ಮೇಷ್ಟ್ರ ಎಡಗಾಲು ಮಂಚದ ಕಂಬಿಗಳ ಸಂದಿಯಲ್ಲಿ ಮೊಣಕಾಲಿನವರೆಗೆ ಸಿಕ್ಕಿಕೊಂಡಿತ್ತು. ಕಾಲು ಆಗಾಗ ತಾನಾಗಿ ಸೆಳೆದುಕೊಳ್ಳುತ್ತಿತ್ತು. ಹಾಗೆ ಸೆಳೆದಾಗ ಜಾರಿ, ಇಡೀ ಮೈಯ ಭಾರ ಅದರ ಮೇಲೆ ಬಿದ್ದಿತ್ತು. ಕೈಕಾಲು ಅಲ್ಲಾಡದಿದ್ದರೂ ನೋವೇನೂ ಕಡಿಮೆಯಿರಲಿಲ್ಲ. ಕಂಬಿಯ ಚೂಪು ತುದಿ ಮೊಣಕಾಲ ಕೆಳಗಿನ ಚರ್ಮವನ್ನು ಗೇಣುದ್ದ ಸುಲಿದಿತ್ತು. ರಕ್ತ ಹಾಸಿಗೆಗೆ ಇಳಿದು ಕಪ್ಪಾಗಿ ಒಣಗಿತ್ತು. ಎಷ್ಟು ಹೊತ್ತಿನಿಂದ ಹಾಗಿದ್ದರೋ. ಮುಖ ಬೂದಿಯಂತೆ ಬಿಳಿಚಿಕೊಂಡಿತ್ತು, ಕಣ್ಣೀರು ಕಿವಿಯವರೆಗೆ ಹರಿದು ಒಣಗಿ ಗೆರೆಯಾಗಿತ್ತು. ಅವರ ಕಣ್ಣು ಕಾಲಿನ ಕಡೆ ಇರಲಿಲ್ಲ. ಗೋಡೆಗೆ ಮುಖ ಮಾಡಿ ನಿಂತ ಮೊಬೈಲಿನ ಬೆನ್ನಿನ ಮೇಲೆ ನೆಟ್ಟಿತ್ತು.

ಆಕೆಯ ಕೈಯಿಂದ ಚೀಲ ಬಿತ್ತು. ಕಿರುಚಿಕೊಂಡು ಪಕ್ಕದ ಮನೆಯವರನ್ನು ಕರೆದಳು.

ಆಸ್ಪತ್ರೆಯಲ್ಲಿ ಹದಿನಾಲ್ಕು ಹೊಲಿಗೆ ಬಿದ್ದವು. ವೈದ್ಯ ಕಾಗದ ತಿರುವುತ್ತ ಕೇಳಿದ, "ಕಣ್ಣಲ್ಲಿ ಗಂಟೆ ಬಾರಿಸೋ ಮೊಬೈಲ್ ಇದೆ ಅಂತ ಇಲ್ಲಿ ಬರೆದಿದೆ. ಯಾಕೆ ಬಾರಿಸಲಿಲ್ಲ ಇವರು?"

ಆಕೆ ಬಾಯಿ ತೆರೆದಳು. ಅಷ್ಟರಲ್ಲಿ ಮಗಳು ಓಡೋಡಿ ಬಂದಳು. ಬರುವ ದಾರಿಯಲ್ಲಿ ಮನೆಗೆ ಹೋಗಿ ಸ್ಟ್ಯಾಂಡು, ಮೊಬೈಲು ಎರಡನ್ನೂ ಕಿತ್ತು ತಂದಿದ್ದಳು. "ಚಾರ್ಜರ್ ಸರಿಯಾಗೇ ಇದೆ," ಎಂದು ತಾಯಿಗೆ ಒಂದೇ ಮಾತು ಹೇಳಿ, ಮೊಬೈಲನ್ನು ಅಪ್ಪನ ಮುಖದೆದುರು ನಿಲ್ಲಿಸಿ ದನಿ ಏರಿಸಿದಳು.

ಮೇಷ್ಟ್ರು ಬರೆಯತೊಡಗಿದರು. ನರ್ಸು ಪಟ್ಟಿ ಕಟ್ಟುವುದನ್ನು ನಿಲ್ಲಿಸಿ ನೋಡಿದಳು. ಹನ್ನೊಂದು ನಿಮಿಷ ಹಿಡಿಯಿತು. ಹೆಂಡತಿ ಮಂಚದ ಕಾಲ ಬಳಿ ನಿಂತು ಕಾದಳು. ಓಡಿಹೋಗಬೇಕೆಂದು ಅನಿಸಲಿಲ್ಲ.

"ಇವಳೇ ತಿರುಗಿಸಿದ್ದು," ಎಂದಿತು ಉಲ್ಲಾಸದ ದನಿ. "ಐದು ದಿನವಾಯಿತು."

"ಐದಲ್ಲ," ಎಂದಳು ಹೆಂಡತಿ. "ಆರು."

ಮೇಷ್ಟ್ರ ಕಣ್ಣು ಆಕೆಯತ್ತ ಹೊರಳಿತು. ಜೀವಮಾನದಲ್ಲಿ ಅವರನ್ನು ಆಕೆ ತಿದ್ದಿದ್ದು ಅದೇ ಮೊದಲು. ಆಗ ಅದು ಆಕೆಗೆ ಹೊಳೆಯಲಿಲ್ಲ. ಲೆಕ್ಕ ತಪ್ಪಬಾರದು ಎಂದಷ್ಟೇ ಇತ್ತು.

"ಅಮ್ಮಾ!" ಮಗಳ ದನಿ ಒಡೆದುಹೋಯಿತು. "ನೀನು ಮನುಷ್ಯಳೇನಮ್ಮಾ? ಅವರ ಬಾಯಿ ಅದು! ಬಾಯಿಗೆ ಬಟ್ಟೆ ತುರುಕಿದ ಹಾಗಲ್ವಾ ಇದು?"

"ಹೌದು. ಹಾಗೇ."

"ಯಾಕೆ?"

"ಶ್ರುತಿ ಇಲ್ಲ ಅಂದ್ರು."

ಮಗಳಿಗೆ ಅರ್ಥವಾಗಲಿಲ್ಲ. ಅರ್ಥವಾಗುವಂತೆ ಹೇಳಲು ತಾಯಿಗೆ ಬರಲಿಲ್ಲ. ಆ ಕೋಣೆಯಲ್ಲಿ, ಆ ಹೊಲಿಗೆ ಹಾಕಿದ ಕಾಲಿನ ಎದುರು, ಕಾರಣ ಆಕೆಗೇ ಅಲ್ಪವಾಗಿ ಕೇಳಿಸಿತು.

"ಇನ್ನು ನೀನು ಅಪ್ಪನ್ನ ಮುಟ್ಟಬೇಡ," ಎಂದಳು ಮಗಳು. ಎರಡು ದಿನ ಬಿಟ್ಟು ಮೇಷ್ಟ್ರನ್ನು ಮಂಚ ಸಮೇತ ತನ್ನ ಮನೆಗೆ ಸಾಗಿಸಿಕೊಂಡು ಹೋದಳು.

ಖಾಲಿ ಮನೆಯಲ್ಲಿ ಆಕೆಗೆ ನೆಮ್ಮದಿ ಸಿಗಲಿಲ್ಲ. ರೇಡಿಯೋ ಹಾಕಲು ಕೈ ಏಳಲಿಲ್ಲ. ರಕ್ತ ಹೋಗಲೆಂದು ಹಾಸಿಗೆಯ ಬಟ್ಟೆಯನ್ನು ಮೂರು ಸಲ ಒಗೆದು, ಕೊನೆಗೆ ಸುಟ್ಟಳು. ಅಂಗಡಿಯಲ್ಲಿ ಗಾಜು ಉಜ್ಜುವಾಗ ಯಂತ್ರ ನಿಲ್ಲಿಸಿ, ತನ್ನ ಮೊಬೈಲು ತೆಗೆದು ನೋಡುತ್ತಿದ್ದಳು. ಆ ನಾಲ್ಕು ಗಂಟೆಯಲ್ಲಿ ಅವರು ಎಷ್ಟು ಸಲ ಗಂಟೆಯ ಜಾಗವನ್ನು ಹುಡುಕಿರಬಹುದು, ಎಷ್ಟು ಸಲ ಕಣ್ಣು ಬಿಗಿದು ಮುಚ್ಚಿ ತೆರೆದಿರಬಹುದು ಎಂದು ಎಣಿಸಹೋಗಿ, ಲೆಕ್ಕ ಸಿಗದೆ ಮತ್ತೆ ಯಂತ್ರ ಹಾಕುತ್ತಿದ್ದಳು. ಹಾಗೆಂದು ಗಂಡನ ಮೇಲಿನ ಸಿಟ್ಟೂ ಇಳಿದಿರಲಿಲ್ಲ. ಎರಡೂ ಒಟ್ಟಿಗೇ ಇದ್ದವು.

ಹತ್ತೊಂಬತ್ತನೇ ದಿನ ಮಧ್ಯಾಹ್ನ ಆಕೆ ಅಂಗಡಿಯಲ್ಲಿದ್ದಾಗ ಮಗಳ ಫೋನು ಬಂತು.

"ಅಮ್ಮಾ, ಇವತ್ತು ಗಿರಾಕಿ ಜೊತೆ ವಿಡಿಯೋದಲ್ಲಿ ಮಾತಾಡ್ತಿದ್ದೆ. ದೊಡ್ಡ ಮನೆ ನಕ್ಷೆ. ಪರದೆ ಮೇಲೆ ನಕ್ಷೆ ತೋರಿಸ್ತಿದ್ದೀನಿ. ಅಪ್ಪ ಹಿಂದೆ ಮಂಚದಿಂದ ನೋಡಿದ್ದಾರೆ. ಇದ್ದಕ್ಕಿದ್ದ ಹಾಗೆ ಮೊಬೈಲಿನ ಆ ಹೆಂಗಸು ಕೂಗಿದಳು. 'ಸ್ನಾನಗೃಹ. ಸ್ನಾನಗ್ರಹ ಅಲ್ಲ. ಗ್ರಹ ಆಕಾಶದಲ್ಲಿರುತ್ತದೆ.' ಗಿರಾಕಿ ಬಿದ್ದು ಬಿದ್ದು ನಕ್ಕರು. ಅವರ ಪಕ್ಕ ಇದ್ದವರೂ ನಕ್ಕರು."

ತಾಯಿ ಕೈಯಲ್ಲಿದ್ದ ಗಾಜು ಕೆಳಗಿಟ್ಟಳು.

"ದಿನಾ ಹೀಗೇ ಅಮ್ಮಾ. ಫೋನಲ್ಲಿ ಯಾರ ಜೊತೆ ಮಾತಾಡಿದ್ರೂ ತಿದ್ದುತ್ತಾರೆ. ನನ್ನ ಗೆಳತಿ ಬಂದ್ರೆ ಅವಳನ್ನೂ..." ಮಗಳು ಬಿಕ್ಕಿದಳು. "ನಾನೂ ತಿರುಗಿಸಿದೆ. ಈಗ ಒಂದು ಗಂಟೆ ಆಯ್ತು. ನಿನಗೆ ಅಷ್ಟೆಲ್ಲ ಅಂದು, ನಾನೂ..."

ಗೆದ್ದೆ ಎಂದು ಆಕೆಗೆ ಎಳ್ಳಷ್ಟೂ ಅನಿಸಲಿಲ್ಲ. "ನೇರ ಮಾಡು. ಈಗಲೇ. ನಾನು ಫೋನ್ ಹಿಡ್ಕೊಂಡಿರ್ತೀನಿ, ಹೋಗಿ ಮಾಡು."

ಹೆಜ್ಜೆ ಸದ್ದು. ಸ್ಟ್ಯಾಂಡಿನ ಕಿರುಗುಟ್ಟುವಿಕೆ. "ಮಾಡಿದೆ."

"ಕಾಲು ನೋಡು. ಕಂಬಿಗೆ ಸಿಕ್ಕಿದೆಯಾ?"

"ಇಲ್ಲ."

"ಸರಿ. ನಾನು ಬರ್ತೀನಿ."

ಆಕೆ ಡ್ರಾಯರು ತೆರೆದು ಹೊಳಪು ಹೊಡೆಯದ ಗಾಜಿನ ಜೊತೆಯನ್ನು ತೆಗೆದಳು. ಮೇಷ್ಟ್ರ ಪವರು ಬಾಯಿಪಾಠವಾಗಿತ್ತು. ಗಾಜು, ಅಳತೆ ಪಟ್ಟಿ, ಸಣ್ಣ ಸ್ಕ್ರೂಡ್ರೈವರು, ಅಂಚು ಉಜ್ಜುವ ಕೈಯಂತ್ರ ಎಲ್ಲವನ್ನೂ ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದಳು.

ಮಗಳ ಮನೆಯ ಪಶ್ಚಿಮದ ಕಿಟಕಿಯಿಂದ ಇಳಿಬಿಸಿಲು ನೇರ ಮಂಚದ ಮೇಲೆ ಬೀಳುತ್ತಿತ್ತು. ಮೇಷ್ಟ್ರ ಕನ್ನಡಕ ಕನ್ನಡಿಯಂತೆ ಹೊಳೆಯುತ್ತಿತ್ತು. ಮೊಬೈಲು ಕಣ್ಣು ಹುಡುಕುತ್ತಿತ್ತು. ಆಕೆ ಮಾತಾಡಿಸದೆ ಸ್ಟೂಲು ಎಳೆದುಕೊಂಡು ಎದುರು ಕೂತಳು. ಗಾಜಿನ ನಡುಬಿಂದು ಕಣ್ಣಿನ ಪಾಪೆಗೆ ಸರಿಯಾಗಿ ಬರಬೇಕಾದರೆ ಗಿರಾಕಿ ಎದುರಿದ್ದವರ ಕಣ್ಣನ್ನೇ ನೋಡಬೇಕು.

"ನನ್ನ ಕಣ್ಣು ನೋಡಿ," ಎಂದಳು.

ನೋಡಿದರು. ಆಕೆ ಪಟ್ಟಿ ಹಿಡಿದು ಅಳೆದಳು. ಎರಡು ಮುಖಗಳ ನಡುವೆ ಒಂದು ಗೇಣು. ಅಷ್ಟು ಹತ್ತಿರದಿಂದ ಇಬ್ಬರೂ ಒಬ್ಬರನ್ನೊಬ್ಬರು ನೋಡಿ ಎಷ್ಟು ವರ್ಷವಾಗಿತ್ತೋ. ಆ ನೋಟದಲ್ಲಿ ಕರುಣೆಯಿರಲಿಲ್ಲ. ಆಕೆಯ ಕಡೆಯಿಂದಲೂ ಇರಲಿಲ್ಲ.

ಗಾಜು ಕೂರಿಸಿ, ಕನ್ನಡಕವನ್ನು ಅವರ ಮೂಗಿನ ಮೇಲಿಟ್ಟಳು. ಬಿಸಿಲು ಬೀಳುತ್ತಲೇ ಇತ್ತು. ಆದರೆ ಬಿಳಿ ಪಟ್ಟಿ ಹೋಗಿ ಕಣ್ಣು ತಿಳಿಯಾಗಿ ಕಂಡಿತು. ತೆರೆಯ ಮೇಲೆ ಅಕ್ಷರವೊಂದು ಕೂಡಲೇ ಹಳದಿಯಾಯಿತು.

"ಈ ಗಾಜು ಮೊದಲನೇ ವಾರದಿಂದ ಅಂಗಡಿಯಲ್ಲೇ ಇತ್ತು," ಎಂದಳು ಆಕೆ. "ಬೇಕಂತಲೇ ಹಾಕಲಿಲ್ಲ. ಅದನ್ನೂ ಹೇಳಿಬಿಡ್ತೀನಿ."

ಮೇಷ್ಟ್ರು ಬರೆದರು. ಮಗಳು ಬಾಗಿಲಿಗೆ ಒರಗಿ ನಿಂತಿದ್ದಳು.

"ನೀನು ನನ್ನನ್ನು ಆರು ದಿನ ಹೂತಿಟ್ಟೆ."

"ಹೌದು. ನಾನು ಮಾಡಿದ್ದು ತಪ್ಪು. ಅದನ್ನ ಸಮ ಮಾಡೋಕೆ ನಿಮ್ಮ ತಪ್ಪು ಎಣಿಸಲ್ಲ. ನಿಮ್ಮದು ಬೇರೆ. ಅದನ್ನ ಬೇರೆಯಾಗೇ ಹೇಳ್ತೀನಿ, ಕೇಳಿ." ಆಕೆ ಹಲಗೆಯ ಕಥೆ ಹೇಳಿದಳು. ಸರದಿಯಲ್ಲಿದ್ದ ಜನ, ಹೆಬ್ಬೆರಳು, ನಗು. ಆಮೇಲೆ ಇಷ್ಟು ವರ್ಷ ಪೆನ್ನು ಹಿಡಿಯದಿದ್ದದ್ದು. ಹೇಳುತ್ತ ದನಿ ಏರಿತು. ಕೆಲವು ಪದ ತಪ್ಪಿರಲೂಬಹುದು. ತಡೆಯಲು ಎತ್ತುವ ಕೈ ಈಗ ಇರಲಿಲ್ಲ.

ಮೇಷ್ಟ್ರು ಬರೆದರು: "ನೆನಪಿಲ್ಲ."

ಅವರು ಮತ್ತೆ ಬರೆಯುತ್ತಿದ್ದರು. "ತಪ್ಪು ಇತ್ತೇ?"

"ಇತ್ತು."

"ಹಾಗಾದರೆ?"

ಬಾಗಿಲಲ್ಲಿದ್ದ ಮಗಳು ಗಂಟಲಲ್ಲಿ ವಿಚಿತ್ರ ಸದ್ದು ಮಾಡಿದಳು, ನಗುವೋ ಅಳುವೋ. ತಾಯಿಗೆ ಅಲ್ಲಿದ್ದದ್ದನ್ನೆಲ್ಲ ಎತ್ತಿ ಕುಕ್ಕಬೇಕೆನಿಸಿತು. ಇವರಿಗೆ ತಿಳಿಯುವುದಿಲ್ಲ, ಇನ್ನು ಮುಂದೆಯೂ ತಿಳಿಯುವುದಿಲ್ಲ ಎಂಬುದು ಆಗ ಪಕ್ಕಾ ಆಯಿತು. ಪಕ್ಕಾ ಆದ ಮೇಲೆ ಸ್ಟೂಲನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡಳು.

"ಕೇಳಿ," ಎಂದಳು. "ನೀವು ಏನು ಬೇಕಾದ್ರೂ ಹೇಳಿ. ಈ ಮೊಬೈಲನ್ನ ಇನ್ನು ಯಾರೂ ತಿರುಗಿಸಲ್ಲ. ನಾನೂ ಇಲ್ಲ, ಇವಳೂ ಇಲ್ಲ. ಗಂಟೆ ಬಾರಿಸಿದ್ರೆ ಬರ್ತೀವಿ. ಆದ್ರೆ ತಿದ್ದೋಕೆ ಶುರು ಮಾಡಿದ್ರೆ ನಾನು ಎದ್ದು ಹೋಗ್ತೀನಿ. ನಿಮ್ಮ ಬಾಯಿ ನಾನು ಕಟ್ಟಲ್ಲ. ನನ್ನ ಕಾಲು ನೀವು ಕಟ್ಟೋ ಹಾಗಿಲ್ಲ."

ಬಹಳ ಹೊತ್ತು ಅಕ್ಷರಗಳು ಹಳದಿಯಾದವು, ಅಳಿಸಿಹೋದವು, ಮತ್ತೆ ಹಳದಿಯಾದವು. ಕೊನೆಗೆ ಮೊಬೈಲು ಹೇಳಿತು, "ಕನ್ನಡಕ ಎಡ ಕಿವಿಯ ಹಿಂದೆ ಬಿಗಿಯಾಗಿದೆ."

ಆಕೆ ಸ್ಕ್ರೂಡ್ರೈವರು ತೆಗೆದು ಸಡಿಲ ಮಾಡಿದಳು. ಆಮೇಲೆ ಮಗಳ ಕೈಯಲ್ಲಿ ಒಂದು ತಗಡಿನ ಪಟ್ಟಿ ತರಿಸಿ, ಸ್ಟ್ಯಾಂಡಿನ ಕುತ್ತಿಗೆಯನ್ನು ಮಂಚದ ತಲೆಹಲಗೆಗೆ ನಾಲ್ಕು ಸ್ಕ್ರೂ ಹಾಕಿ ಬಿಗಿದಳು. ಇಬ್ಬರೂ ಸೇರಿ ಜಗ್ಗಿ ನೋಡಿದರು. ಅಲ್ಲಾಡಲಿಲ್ಲ.

ಎರಡು ತಿಂಗಳ ಮೇಲೆ ಕಾಲಿನ ಗಾಯ ಮಾಗಿ ಮೇಷ್ಟ್ರು ಮನೆಗೆ ವಾಪಸಾದರು. ತಲೆಹಲಗೆ ಸಮೇತ ಮಂಚವೂ ಬಂತು. ಕಂಬಿಗಳಿಗೆ ದಪ್ಪ ಬಟ್ಟೆ ಸುತ್ತಿದರು. ಹಗಲು ನೋಡಿಕೊಳ್ಳಲು, ಆಸ್ಪತ್ರೆಯ ವಾರ್ಡಿನಲ್ಲಿ ಕೆಲಸ ಮಾಡಿ ನಿವೃತ್ತನಾದ ಒಬ್ಬ ದಢೂತಿ ಮುದುಕ ಗೊತ್ತಾದ. ಏನು ಹೇಳಿದರೂ ಅವನದು ಒಂದೇ ಉತ್ತರ: "ಆಯ್ತು ಸಾರ್." ಮೇಷ್ಟ್ರು ಅವನ ಉಚ್ಚಾರಣೆ ತಿದ್ದಿದರು, "ಆಯ್ತು ಸಾರ್" ಎಂದು ಮತ್ತೆ ಹಾಗೇ ಉಚ್ಚರಿಸಿದ. ಇಬ್ಬರಿಗೂ ದಿನವಿಡೀ ಹೊತ್ತು ಹೋಗುತ್ತಿತ್ತು.

ಹೆಂಡತಿ ಪಕ್ಕದ ಕೋಣೆಯಲ್ಲಿ ಮಲಗತೊಡಗಿದಳು. ಗಂಟೆ ಬಂದರೆ ಎದ್ದು ಬರುತ್ತಿದ್ದಳು. ದಿನಕ್ಕೆ ಒಂದೆರಡು ಸಲ ಎದ್ದು ಹೋಗುತ್ತಲೂ ಇದ್ದಳು. ಒಮ್ಮೆ ಗಂಜಿಯ ಬಟ್ಟಲನ್ನು ಅರ್ಧಕ್ಕೇ ಮುದುಕನ ಕೈಗೆ ಕೊಟ್ಟು ಹೋದಳು. ಮಗಳು ವಾರಕ್ಕೊಮ್ಮೆ ಬಂದು, ನಕ್ಷೆಗಳನ್ನು ಕಳಿಸುವ ಮುಂಚೆ ಅಪ್ಪನಿಗೆ ತೋರಿಸುತ್ತಿದ್ದಳು. ಅವರು ಕೆಂಪು ಶಾಯಿಯಿಲ್ಲದೆಯೇ ಹುಳುಕು ಹಿಡಿಯುತ್ತಿದ್ದರು, ಅವಳು ಹಲ್ಲು ಕಚ್ಚಿ ಸರಿಪಡಿಸಿಕೊಳ್ಳುತ್ತಿದ್ದಳು.

ಒಂದು ಸಂಜೆ ಮುದುಕ ಹೊರಡುವ ಮುಂಚೆ ಹೆಂಡತಿ ಚಪ್ಪಲಿ ಮೆಟ್ಟಿದಳು. ಟ್ಯೂಬ್‌ಲೈಟ್ ಉರಿಯುತ್ತಿತ್ತು. ಮೊಬೈಲು ಹಿಂದಿನಿಂದ ಕೇಳಿತು, "ಎಲ್ಲಿಗೆ?"

"ಹೊರಗೆ."

ಆಕೆ ಕಾದಳು. ಅವರು ಅಕ್ಷರ ಕಟ್ಟಿ ಮುಗಿಸುವವರೆಗೆ ಕಾಯುವಷ್ಟು ಮಾತ್ರ ಆಕೆಗೆ ಸಾಧ್ಯವಾಗಿತ್ತು.

"ಎಷ್ಟು ಹೊತ್ತು?"

"ಬರೋವರೆಗೂ," ಎಂದು ಬಾಗಿಲು ಎಳೆದುಕೊಂಡಳು. ಮೆಟ್ಟಿಲಿಳಿದು, ಓಣಿಯ ತಿರುವಿನವರೆಗೆ ನಡೆದು, ತನ್ನ ಮೊಬೈಲಿನ ದನಿ ಪೂರ್ತಿ ಏರಿದೆಯೇ ಎಂದು ಒಮ್ಮೆ ನೋಡಿಕೊಂಡು, ಮುಂದಕ್ಕೆ ಹೋದಳು.